ಎರಡು ಬೆರಳು ಜಾಗ

"ಆ ಟೈರು ಕೆಳಗಿಡಿ! ಕಿವಿ ಕೇಳ್ಸಲ್ವಾ? ಕೆಳಗಿಡಿ ಅಂದೆ!"

ಗೋಣಿ ಪರದೆಯ ಹಿಂದಿನಿಂದ ಹೆಣ್ಣುದನಿ ಸಿಡಿದಿದ್ದೇ ತಡ, ಅಫ್ಸರ್ ಪಾಷಾನ ಕೈಯಲ್ಲಿದ್ದ ಟೈರು ಜಾರಿ ಅವನ ಕಾಲಿನ ಮೇಲೇ ಬಿತ್ತು.

"ಯಾ ಅಲ್ಲಾ!" ಅಂತ ಒಂಟಿಕಾಲಲ್ಲಿ ಕುಣಿದ. "ಯಾರ್ರೀ ಅದು ಒಳಗೆ?"

"ಯಾರಾದ್ರೆ ನಿಮಗೇನು? ತೆಳು ಟೈರು ಬೇಡ. ಪಕ್ಕದಲ್ಲಿರೋ ದಪ್ಪದ್ದು ತಗೊಳ್ಳಿ!"

ಹೊರಗೆ ಪೆಟ್ಟಿಗೆಯ ಮೇಲೆ ಕೂತಿದ್ದ ಪೀರ್ ಪಾಷಾ ಗಡ್ಡದಲ್ಲೇ ನಕ್ಕರು. "ನನ್ನ ಮಗಳು ಅಜೀಜಾ ಕಣಪ್ಪಾ. ತಪ್ಪು ತಿಳ್ಕೋಬೇಡ. ಸ್ವಲ್ಪ ಬಾಯಿ ಜೋರು."

"ಸ್ವಲ್ಪಾನಾ ಉಸ್ತಾದ್?"

"ಕೇಳಿಸ್ತು!" ಅಂತು ಪರದೆ.

ಇದು ನಲವತ್ಮೂರನೇ ಇಸವಿಯ ಮಾತು. ಯುದ್ಧದ ಕಾಲ. ಹೊಸ ಟೈರು ಅನ್ನೋದು ಕನಸಲ್ಲೂ ಸಿಗ್ತಿರಲಿಲ್ಲ. ಮದ್ದೂರಿಂದ ಮಳವಳ್ಳಿ, ಹಲಗೂರಿನ ತನಕ ಓಡೋ ಬಾಡಿಗೆ ಕಾರುಗಳಿಗೆಲ್ಲ ಎಲ್ಲೆಲ್ಲಿಂದಲೋ ಹಳೇ ಟೈರು ಹುಡುಕಿ, ತೇಪೆ ಹಾಕಿ, ಅಳತೆಗೆ ಸರಿಯಾಗಿ ಕೂರಿಸಿಕೊಡ್ತಿದ್ದವರು ಮದ್ದೂರಿನ ಪೀರ್ ಪಾಷಾ ಒಬ್ಬರೇ. ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಂಗಡಿಗೂ ಮನೆಗೂ ನಡುವೆ ಒಂದು ಗೋಣಿ ಪರದೆ.

ಅಫ್ಸರ್ ಪಾಷಾ ಮಳವಳ್ಳಿಯ ಮರಿಸಿದ್ದಯ್ಯನವರ ಕಾರಿಗೆ ಹೊಸದಾಗಿ ಸೇರಿದ್ದ ಡ್ರೈವರು. ಹಲಗೂರು ದಾರಿಯ ಗುಂಡಿಗಳಲ್ಲಿ ಕಾರಿನ ಹೊಟ್ಟೆ ತಗಲುತ್ತೆ ಅಂತ ಸಾಹುಕಾರರು ಯಾವುದೋ ಮುರಿದ ಹಳೇ ಕಾರಿನ ನಾಲ್ಕು ದೊಡ್ಡ ಚಕ್ರ ತಂದಿದ್ದರು. ಬೋಲ್ಟಿಗೆ ಬೋಲ್ಟು ಸರಿಯಾಗಿ ಕೂತಿತ್ತು. ಆ ಚಕ್ರಕ್ಕೆ ಯಾವ ಟೈರು ಅನ್ನೋದೇ ಜಗಳ!

"ನೋಡಿ," ಅಂದ ಅಫ್ಸರ್, ಕಾಲು ಉಜ್ಜಿಕೊಳ್ಳುತ್ತಾ. "ಮೊದಲಿದ್ದ ಚಕ್ರ ಹದಿನೇಳು ಇಂಚು. ಇದು ಇಪ್ಪತ್ತೊಂದು. ಚಕ್ರ ದೊಡ್ಡದಾದ ಮೇಲೆ ಟೈರು ತೆಳ್ಳಗಾಗಬೇಕು. ಇಲ್ಲಾಂದ್ರೆ ಒಟ್ಟು ಎತ್ತರ ಜಾಸ್ತಿಯಾಗಿ ಮಡ್ಗಾರ್ಡಿಗೆ ಉಜ್ಜುತ್ತೆ. ಇಷ್ಟೂ ಗೊತ್ತಿಲ್ದೆ ಅಂಗಡಿ ಇಟ್ಟಿದೀರಾ?"

"ಗೊತ್ತು! ಅದು ಅಳತೆ ಇಲ್ದೋರ ಲೆಕ್ಕ. ಹಲಗೂರು ದಾರಿಯ ಕಲ್ಲಿಗೆ ನಿಮ್ಮ ತೆಳು ಟೈರು ಎಂಟು ದಿನಕ್ಕೆ ಚಿಂದಿಯಾಗುತ್ತೆ. ಎಷ್ಟು ದಪ್ಪ ಹಿಡಿಸುತ್ತೋ ಅಷ್ಟೂ ದಪ್ಪ ಹಾಕ್ಬೇಕು. ಹಿಡಿಸುತ್ತೋ ಇಲ್ವೋ ಅಂತ ನಮ್ಮ ದಾರ ಹೇಳುತ್ತೆ."

"ದಾರಾನಾ?"

ಪರದೆಯ ಸಂದಿಯಿಂದ ಒಂದು ಕೈ ಹೊರಬಂತು. ಗೋಡೆಯ ಮೊಳೆಯಿಂದ ಒಂದು ನೂಲು ಕಿತ್ತು ಅವನ ಎದೆಗೆ ಎಸೆಯಿತು. ಒಳಗೆ ಹೋಯಿತು.

ಅಫ್ಸರ್ ಗೋಡೆ ನೋಡಿದ. ಸಾಲಾಗಿ ಮೊಳೆ. ಮೊಳೆಗೊಂದು ದಾರ. ಆ ದಾರಿಯಲ್ಲಿ ಓಡೋ ಒಂದೊಂದು ಗಾಡಿಗೂ ಒಂದೊಂದು. ಗಾಡಿಯಲ್ಲಿ ಐದು ಜನರನ್ನ ಕೂರಿಸಿ, ಚಕ್ರದ ನಡುವಿನಿಂದ ಮಡ್ಗಾರ್ಡಿನವರೆಗೆ ದಾರ ಹಿಡಿದು ಗಂಟು ಹಾಕೋದು ಪೀರ್ ಪಾಷಾರ ಪದ್ಧತಿ. ಅವರಿಗೆ ಟೈರಿನ ಮೇಲಿನ ಇಂಗ್ಲಿಷ್ ಅಂಕಿ ಓದಕ್ಕೆ ಬರ್ತಿರಲಿಲ್ಲ. ಅವರ ವಿದ್ಯೆಯೆಲ್ಲ ಆ ಗಂಟುಗಳಲ್ಲಿತ್ತು. ಕೆಲವು ದಾರಕ್ಕೆ ಕಪ್ಪು ಬಟ್ಟೆಯ ಚೂರು ಬೇರೆ ಕಟ್ಟಿತ್ತು. ಅವನ ಕೈಯಲ್ಲಿದ್ದುದಕ್ಕೆ ಇರಲಿಲ್ಲ.

ದಪ್ಪ ಟೈರಿಟ್ಟು ಅಳೆದ. ಮತ್ತೆ ಅಳೆದ. ಗಂಟಿಗೂ ಟೈರಿಗೂ ನಡುವೆ ಸರಿಯಾಗಿ ಎರಡು ಬೆರಳು ಜಾಗ ಉಳಿಯಿತು.

"ಆಯ್ತಾ?" ಅಂತು ಪರದೆ. "ಐದು ಜನ. ಆರನೆಯವನನ್ನ ಹತ್ತಿಸಿದ್ರೆ ನಾವು ಹೊಣೆಯಲ್ಲ!"

"ಉಸ್ತಾದ್, ಇವರಿಗೆ ಮದುವೆ ಆಗಿದೆಯಾ?"

"ಇಲ್ಲಪ್ಪ. ಯಾಕೆ?"

"ಯಾರೋ ಬದುಕಿಕೊಂಡ ಪುಣ್ಯಾತ್ಮ!"

ಒಳಗಿನಿಂದ ಒಂದು ಸ್ಪ್ಯಾನರು ಹಾರಿ ಬಂತು. ಅಫ್ಸರ್ ಬಗ್ಗಿದ್ದಕ್ಕೆ ತಲೆ ಉಳೀತು.

ನಮ್ಮ ಕಡೆ ಜನ ಹೀಗೇ ನೋಡಿ. ಪ್ರೀತಿಯ ಮಾತು ಬಾಯಿಗೆ ಬರಲ್ಲ, ಬೈಗುಳ ಮಾತ್ರ ಕೈಕಟ್ಟಿ ನಿಂತಿರುತ್ತೆ! ಅಜೀಜಾಗೂ ಅಷ್ಟೇ. ಮನೆಯೊಳಗೆ ಉರ್ದು, ಬೈಯೋಕೆ ಮಾತ್ರ ಮಂಡ್ಯದ ಕನ್ನಡವೇ ಬೇಕು.

ಆಮೇಲೆ ಅಫ್ಸರ್ ದಿನಾ ಬರತೊಡಗಿದ. ಗಾಳಿ ಕಮ್ಮಿಯಾಗಿದೆ ಅಂತ ಒಂದು ದಿನ. ನಟ್ಟು ಸಡಿಲ ಅಂತ ಇನ್ನೊಂದು ದಿನ. ಏನೂ ಇಲ್ಲದ ದಿನ, ಏನೂ ಇಲ್ಲ ಅಂತ ಹೇಳಕ್ಕೆ!

"ನಿಮಗೆ ಬೇರೆ ಕೆಲಸ ಇಲ್ವಾ?" ಪರದೆ ಉರಿಯುತ್ತಿತ್ತು.

"ಇದೆ. ನೀವು ಬೈದಾದ ಮೇಲೆ ಹೋಗಿ ಮಾಡ್ತೀನಿ."

ಹಾಗಿರುವಾಗ ಒಂದು ದಿನ ಅವನು ಎರಡು ಲೋಟ ಚಹಾ ತಂದು ಒಂದನ್ನ ಪೀರ್ ಪಾಷಾರ ಮುಂದೆ ಹಿಡಿದ. ಮಾತಾಡಲಿಲ್ಲ, ಸುಮ್ಮನೆ ಹಿಡಿದ. ಅವರು ತಗೊಳ್ಳಲಿಲ್ಲ. ಅವರ ಕಣ್ಣು ಲೋಟದ ಮೇಲೇ ಇತ್ತು. ಆದರೂ ತಗೊಳ್ಳಲಿಲ್ಲ!

ಪರದೆಯ ಹಿಂದೆ ಅಜೀಜಾ ಬಾಯಿಗೆ ಸೆರಗು ಒತ್ತಿಕೊಂಡಳು. 'ಮುಗೀತು... ಗೊತ್ತಾಗೋಯ್ತು!'

ಹೌದು. ಪೀರ್ ಪಾಷಾರ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಬೆಳಕು ಕಾಣ್ತಿತ್ತು, ಮನುಷ್ಯರು ಕಾಣ್ತಿರಲಿಲ್ಲ. ಎರಡು ವರ್ಷದಿಂದ ದಾರ ಅಳೆಯುತ್ತಿದ್ದವಳು, ಟೈರು ಆರಿಸುತ್ತಿದ್ದವಳು ಅಜೀಜಾ. ಗಾಡಿ ಅಳೆಯೋದಿದ್ದರೆ ಹಿತ್ತಲಿಗೆ ತರಿಸಿ, ಡ್ರೈವರನ್ನ ಹೊರಗೆ ಕಳಿಸಿ, ಐದು ಜನರ ಭಾರಕ್ಕೆ ಮೂಟೆ ಹೇರಿ, ಬುರ್ಖಾ ಹಾಕಿಕೊಂಡು ಅಳೆಯುತ್ತಿದ್ದಳು. ಊರಿಗೆ ಗೊತ್ತಾದರೆ? ಕುರುಡ ಅಳೆದ ಟೈರನ್ನ, ಹುಡುಗಿ ಅಳೆದ ಟೈರನ್ನ ಯಾರು ಹಾಕಿಸ್ತಾರೆ? ಅಂಗಡಿ ಮುಚ್ಚಬೇಕು. ಅದಕ್ಕೇ ಪೀರ್ ಪಾಷಾ ಗೋಡೆ ತಡವಿಕೊಂಡು ನಡೆದರೂ ಸರಿ, ಕೈಗೆ ಕೋಲು ಹಿಡಿಯುತ್ತಿರಲಿಲ್ಲ.

ಅಫ್ಸರ್ ಲೋಟವನ್ನ ಪೆಟ್ಟಿಗೆಯ ಮೇಲಿಟ್ಟ. ಆಮೇಲೆ ಸಹಜವಾಗಿ, "ಉಸ್ತಾದ್, ಚಹಾ ನಿಮ್ಮ ಬಲಗೈ ಹತ್ರ ಇಟ್ಟಿದೀನಿ. ಬಿಸಿ ಇದೆ," ಅಂದ.

ಪೀರ್ ಪಾಷಾ ಒಳಗೆ ಎದ್ದು ಹೋದ ಮೇಲೆ ಪರದೆ ಕೇಳಿತು. "ಊರಿಗೆಲ್ಲ ಡಂಗೂರ ಹೊಡೀತೀರಾ?"

"ಏನಂತ?"

"ನೀವು ಈಗ ನೋಡಿದ್ದನ್ನ!"

"ನಾನೇನು ನೋಡಿದೆ? ಉಸ್ತಾದ್ರು ಚಹಾ ಕುಡಿದ್ರು. ಅಷ್ಟೇ."

ಅವತ್ತು ಅಜೀಜಾಗೆ ಬೈಯೋಕೆ ಒಂದು ಮಾತೂ ಸಿಗಲಿಲ್ಲ. ಒಲೆಯ ಮುಂದೆ ಹೋಗಿ ಕೂತು ಕಣ್ಣೊರೆಸಿಕೊಂಡಳು. 'ಹಾಳಾದೋನು... ಎಷ್ಟು ಒಳ್ಳೆಯವನು!'

ಹದಿನೈದು ದಿನದಲ್ಲಿ ಅಫ್ಸರ್‌ನ ತಾಯಿ ಬಿಬಿ ಜಾನ್ ಹಸಿರು ಗಾಜಿನ ಬಳೆ, ಸಕ್ಕರೆ ತಗೊಂಡು ಹೆಣ್ಣು ಕೇಳಕ್ಕೆ ಬಂದರು. ಅಜೀಜಾ ತಲೆ ಬಗ್ಗಿಸಿ ಬಳೆ ತೊಟ್ಟಳು. ಸಂಜೆ ಪರದೆಯ ಆಚೆಯಿಂದ ಅವನು ಮೆಲ್ಲಗೆ ಕೇಳಿದ. "ಬಳೆ ಅಳತೆ ಸರಿ ಇದೆಯಾ?"

"ಅಳತೆ ವಿಷಯ ನನಗೆ ಹೇಳ್ಕೊಡ್ಬೇಡಿ!"

ಅವನು ನಕ್ಕ. ಇವಳೂ ನಕ್ಕಳು, ಅವನಿಗೆ ಕೇಳದ ಹಾಗೆ.

ಇಷ್ಟಕ್ಕೇ ಕತೆ ಮುಗಿದಿದ್ದರೆ ನಾನ್ಯಾಕೆ ನಿಮ್ಮ ಮುಂದೆ ಕೂತು ಹೇಳ್ತಿದ್ದೆ?

ಒಂದು ಗುರುವಾರ ಮಧ್ಯಾಹ್ನ ಅಂಗಡಿಯ ಮುಂದೆ ಗಲಾಟೆಯೋ ಗಲಾಟೆ. ಮರಿಸಿದ್ದಯ್ಯನವರೇ ಬಂದಿದ್ದರು. ಮುಖ ಕೆಂಡ. ಹಿಂದೆ ತಲೆಗೆ ಬಟ್ಟೆ ಸುತ್ತಿಕೊಂಡ ಅಫ್ಸರ್. ಸುತ್ತ ಇಪ್ಪತ್ತು ಮೂವತ್ತು ಜನ.

"ಲೇ ಪೀರ್ ಪಾಷಾ! ಎದ್ದು ಬಾರೋ ಈಚೆಗೆ! ಯಾವ ಸೀಮೆ ಟೈರ್ ಆಕ್ದೆ ನನ್ ಕಾರ್ಗೆ? ಅಲಗೂರ್ ದಾರೀಲಿ ಇಂದ್ಗಡೆ ಚಕ್ರ ಢಂ ಅಂದು, ಕಾರು ಓಗಿ ಗದ್ದೆಗೆ ಮಗುಚ್ಕೊಂಡದೆ! ಒಂದು ಮುದ್ಕಿ ಕೈ ಮುರ್ದದೆ! ನಿನ್ ಅಳ್ತೆ ಮನೆ ಕಾಯೋಗ!"

ಪೀರ್ ಪಾಷಾ ಎದ್ದು ನಿಂತರು. ದನಿ ಬಂದ ದಿಕ್ಕಿಗೆ ಕೈ ಮುಗಿದರು. "ಸಾಹುಕಾರ್ರೇ... ನಮ್ಮ ದಾರ ಯಾವತ್ತೂ ತಪ್ಪಿಲ್ಲ..."

"ತಪ್ಪಿಲ್ವಾ? ಅಂಗಾರೆ ನನ್ ಕಣ್ಮುಂದೆ ಇನ್ನೊಂದ್ ಕಿತ ಅಳಿ! ಈಗ್ಲೇ ಅಳಿ, ನೋಡಾನ!"

ಪರದೆಯ ಹಿಂದೆ ಅಜೀಜಾ ಎದ್ದು ನಿಂತಳು. ಇಷ್ಟು ಜನರ ಮುಂದೆ ಅಬ್ಬಾ ಹೇಗೆ ಅಳೀತಾರೆ?

ಆಗ ಅಫ್ಸರ್ ಮುಂದೆ ಬಂದ.

"ಉಸ್ತಾದ್ರುದು ಏನೂ ತಪ್ಪಿಲ್ಲ ಸಾಹುಕಾರ್ರೇ. ಐದೇ ಜನ ಅಂತ ಹೇಳಿದ್ರು. ನಾನು ಒಂಬತ್ತು ಜನಾನ ತುಂಬ್ಕೊಂಡೆ. ತಪ್ಪು ನಂದು."

ಫಟ್ ಅಂತ ಕೆನ್ನೆಗೆ ಬಿತ್ತು! ಅಫ್ಸರ್ ಅಲುಗಾಡಲಿಲ್ಲ.

"ನಾಯಿ ನನ್ಮಗ್ನೇ! ಈವತ್ತಿಂದ ನೀನು ಸ್ಟೇರಿಂಗ್ ಮುಟ್ಕೂಡ್ದು. ಪೊಲೀಸ್ನೋರ್ಗೆ ಲೈಸೆನ್ಸು ಕೊಟ್ಬುಡು. ಬದ್ಕೋದಿದ್ರೆ ನನ್ ಇದ್ಲು ಕೊಟ್ಟಿಗೇಲಿ ಇದ್ಲು ಕುಟ್ಕೊಂಡ್ ಬಿದ್ದಿರು!"

ಜನ ಕರಗಿದರು. ಅಫ್ಸರ್ ಒಬ್ಬನೇ ಅಲ್ಲಿ ನಿಂತಿದ್ದ, ಪರದೆಯ ಕಡೆ ನೋಡುತ್ತಾ.

"ಒಂಬತ್ತು ಜನ!" ಪರದೆ ಚೀರಿತು. "ನಾನು ಹೇಳಿದ್ದೆಷ್ಟು? ಎಷ್ಟು ಹೇಳಿದ್ದೆ?"

"ಐದು."

"ಮತ್ತೆ? ನಾಲ್ಕು ಜನದ ಬಾಡಿಗೆ ಆಸೆಗೆ ಒಂದು ಮುದುಕಿ ಕೈ ಮುರಿದ್ರಲ್ಲಾ! ನಮ್ಮ ಅಬ್ಬಾನ ಬೀದಿಯಲ್ಲಿ ಕೈ ಮುಗಿಸಿದ್ರಲ್ಲಾ! ನಿಮ್ಮನ್ನ ಒಳ್ಳೆಯವರು ಅಂದ್ಕೊಂಡಿದ್ದೆ ನಾನು... ನಾನೊಬ್ಬಳು ಹುಚ್ಚಿ!"

"ಅಜೀಜಾ, ನಾನು..."

"ಹೆಸರು ಹಿಡಿದು ಕರೀಬೇಡಿ!"

ಪರದೆಯ ಸಂದಿಯಿಂದ ಆ ಕೈ ಮತ್ತೆ ಹೊರಬಂತು. ಈ ಸಲ ಬಟ್ಟೆಯಲ್ಲಿ ಸುತ್ತಿದ ಹಸಿರು ಬಳೆಗಳನ್ನ ನೆಲದ ಮೇಲಿಟ್ಟಿತು. ಕೈ ಬರಿದಾಗಿತ್ತು.

ಅಫ್ಸರ್ ಗಂಟು ಎತ್ತಿಕೊಂಡ. ಜೇಬಿಗೆ ಹಾಕಿಕೊಂಡ. ಹೋದ.

ಮೂರು ತಿಂಗಳು ಕಳೆಯಿತು. ಅಂಗಡಿಯ ಹೆಸರು ಉಳಿದಿತ್ತು, ಗಾಡಿಗಳು ಬರುತ್ತಿದ್ದವು. ಅಜೀಜಾಳ ಸಿಟ್ಟು ಮಾತ್ರ ಇಳಿಯಲಿಲ್ಲ. ರೊಟ್ಟಿ ತಟ್ಟುವಾಗ ಸಿಟ್ಟು, ನೀರು ಸೇದುವಾಗ ಸಿಟ್ಟು. ಚಹಾ ಲೋಟ ಅಬ್ಬಾನ ಬಲಗೈ ಹತ್ತಿರ ಇಡುವಾಗಲೆಲ್ಲ ಇನ್ನೂ ಸಿಟ್ಟು. 'ಯಾಕೆ ನೆನಪಾಗ್ತಾನೆ? ಸುಳ್ಳ! ಆಸೆಬುರುಕ!' ಅಂತ ಬೈದುಕೊಳ್ಳುತ್ತಲೇ ಅಳುತ್ತಿದ್ದಳು.

ಒಂದು ಬೆಳಿಗ್ಗೆ ಬಸ್ಸಿಂದ ಒಬ್ಬ ಮುದುಕಿ ಇಳಿದು ಸೀದಾ ಅಂಗಡಿಗೆ ಬಂದಳು. ಬಲಗೈ ಸೊಟ್ಟಗೆ ಕೂಡಿತ್ತು. ಎಡಗೈಯಲ್ಲಿ ಒಂದು ಗಂಟು.

"ಏನಪ್ಪಾ ಸಾಬ್ರೇ, ಆ ಡ್ರೈವರ್ ಉಡುಗ ಎಲ್ಲವ್ನೆ? ದಿನಾ ಇಲ್ಲೇ ನಿಂತಿರೋನು ಅಂತಿದ್ರು. ಅವ್ನಿಗೆ ಅವರೆಕಾಯಿ ತಂದಿವ್ನಿ."

"ಯಾರಮ್ಮ ನೀವು?" ಅಂದರು ಪೀರ್ ಪಾಷಾ.

"ನಾನು ಬೆಟ್ಟಮ್ಮ ಕಣಪ್ಪ. ಆ ಕಾರ್ ಮಗುಚ್ಕೊಂಡಾಗ ಕೈ ಮುರ್ಕಂಡೋಳು ನಾನೇಯ. ಮೂರ್ ತಿಂಗ್ಳು ಮಗಳ್ ಅಟ್ಟೀಲಿದ್ದು ಈಗ ಬತ್ತಾವ್ನಿ. ಆ ಉಡುಗ ತಲೇಲಿ ರಕ್ತ ಸುರೀತಿದ್ರೂ ನನ್ನ ಎಗಲ ಮೇಲೆ ಒತ್ಕೊಂಡು ಮೂರ್ ಮೈಲಿ ನಡೆದ. ಎತ್ತ ಮಗ ಮಾಡ್ನಿಲ್ಲ ಅಂಗೆ!"

ಪರದೆ ಸರ್ರನೆ ಸರಿಯಿತು. ಬರೀ ಸೆರಗು ತಲೆ ಮೇಲೆಳೆದುಕೊಂಡು ಅಜೀಜಾ ಹೊರಗೆ ಬಂದುಬಿಟ್ಟಿದ್ದಳು.

"ಒಂಬತ್ತು ಜನರನ್ನ ತುಂಬಿದ್ದವನಿಗೆ ಅವರೆಕಾಯಿ ಬೇರೆ ತಂದ್ರಾ ಅಜ್ಜಿ?"

"ಯಾವ ಒಂಬತ್ತು?" ಬೆಟ್ಟಮ್ಮ ಕಣ್ಣರಳಿಸಿದಳು. "ನಾನೊಬ್ಳು, ಇದ್ಲು ಸುಡಕ್ಕೆ ಓಯ್ತಿದ್ದ ನಾಕಾಳು. ಐದೇ ಜನ ಕಣವ್ವ! ಇನ್ನಿಬ್ರು ಕೈ ಅಡ್ಡ ಇಡುದ್ರೂ ನಿಲ್ಲಿಸ್ನಿಲ್ಲ ಅವ್ನು. 'ಐದ್ರ ಮೇಲೆ ಒಬ್ರನ್ನ ಅತ್ತಿಸಿದ್ರೆ ಮದ್ದೂರ್ನಲ್ಲಿ ಒಬ್ರು ನನ್ನ ಕೊಂದಾಕ್ತಾರೆ' ಅಂತ ನಗ್ತಿದ್ದ."

ಅಜೀಜಾ ಗೋಡೆಯ ದಾರಗಳ ಕಡೆ ತಿರುಗಿದಳು.

"ಐದೇ ಜನ ಇದ್ರೆ ಟೈರು ಯಾಕೆ ಒಡೀತು? ನಮ್ಮ ದಾರ... ಎರಡು ಬೆರಳು..."

"ಅದೇನೋ ನಂಗೇನ್ ಗೊತ್ತವ್ವ. ಅವತ್ತೇ ಆ ಇದ್ಲು ಡ್ರಮ್ಮು ತಂದು ಕಾರಿನ ಇಂದಕ್ಕೆ ಕಟ್ಟಿದ್ರು. ನನ್ ಬೆನ್ನಿಗೆ ಕೆಂಡ ಇಟ್ಟಂಗೆ ಆಯ್ತಿತ್ತು. ಗುಂಡಿಗೆ ಇಳ್ದಾಗೆಲ್ಲ ಚಕ್ರ ಕರಕರ ಅಂತಿತ್ತು."

ಡ್ರಮ್ಮು!

ಹೇಳ್ತೀನಿ ಕೇಳಿ. ಪೆಟ್ರೋಲು ಸಿಗದ ಆ ಕಾಲದಲ್ಲಿ ಗಾಡಿಯ ಹಿಂದೆ ಒಂದು ದೊಡ್ಡ ಕಬ್ಬಿಣದ ಡ್ರಮ್ಮು ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಲ್ಲೇ ಓಡಿಸ್ತಿದ್ದರು. ಡ್ರಮ್ಮಿನ ಭಾರಕ್ಕೆ ಗಾಡಿಯ ಹಿಂಭಾಗ ಕುಸಿಯುತ್ತೆ. ಅದಕ್ಕೇ ಡ್ರಮ್ಮು ಬಂದ ಮೇಲೆ ಪ್ರತಿ ಗಾಡಿಯನ್ನೂ ಹೊಸದಾಗಿ ಅಳೆದು, ಆ ದಾರಕ್ಕೆ ಗುರುತಿಗೆ ಕಪ್ಪು ಬಟ್ಟೆ ಕಟ್ಟುತ್ತಿದ್ದವಳು ಅಜೀಜಾ. ಆದರೆ ಅಫ್ಸರ್ ದೊಡ್ಡ ಚಕ್ರ ತಂದ ದಿನ ಆ ಕಾರಿನ ಡ್ರಮ್ಮು ತೂತು ಬಿದ್ದು ಮಂಡ್ಯಕ್ಕೆ ರಿಪೇರಿಗೆ ಹೋಗಿತ್ತು. ಅದು ಬರೋ ತನಕ ಸಾಹುಕಾರರು ಕೂಡಿಟ್ಟಿದ್ದ ಪೆಟ್ರೋಲಿನಲ್ಲಿ ಕಾರು ಓಡ್ತಿತ್ತು. ಕಾರಿನ ಬೆನ್ನು ಖಾಲಿ ಕಂಡಿತ್ತು. ಅವಳು ಜಗಳದ ಭರದಲ್ಲಿ ಖಾಲಿ ಬೆನ್ನಿನ ಹಳೇ ದಾರವನ್ನೇ ಕಿತ್ತು ಎಸೆದಿದ್ದಳು.

ಓಡಿಹೋಗಿ ಮೊಳೆ ನೋಡಿದಳು. ಒಂದೇ ಮೊಳೆಗೆ ಎರಡು ದಾರ. ಮೇಲಿನದಕ್ಕೆ ಬಟ್ಟೆ ಇಲ್ಲ. ಕೆಳಗಿನದಕ್ಕೆ ಕಪ್ಪು ಬಟ್ಟೆ. ಎರಡನ್ನೂ ಜೋಡಿಸಿ ಹಿಡಿದಳು. ಗಂಟಿನಿಂದ ಗಂಟಿಗೆ ಎರಡು ಬೆರಳು ವ್ಯತ್ಯಾಸ! ಉಳಿದಿದ್ದ ಜಾಗ ಅಷ್ಟೂ ಡ್ರಮ್ಮಿನ ಭಾರಕ್ಕೆ ಹೋಗಿ ಟೈರು ಮಡ್ಗಾರ್ಡಿಗೆ ಉಜ್ಜಿತ್ತು.

"ಅಬ್ಬಾ!" ಅಜೀಜಾ ಕುಸಿದು ಕೂತಳು. "ತಪ್ಪು ನಂದು ಅಬ್ಬಾ! ಮುದುಕಿ ಕೈ ಮುರಿದಿದ್ದು ನಾನು! ಅವನಿಗೆ ಗೊತ್ತಿತ್ತು... ಗೊತ್ತಿದ್ದೂ ಏಟು ತಿಂದ. ನಿಮ್ಮ ಕಣ್ಣಿನ ವಿಷಯ ಹೊರಗೆ ಬರಬಾರ್ದು ಅಂತ. ನಾನು ಅವನನ್ನ ಆಸೆಬುರುಕ ಅಂದೆ... ಬಳೆ ವಾಪಸ್ ಕೊಟ್ಟೆ..."

ಪೀರ್ ಪಾಷಾ ತಡವಿ ಹುಡುಕಿ ಅವಳ ತಲೆಯ ಮೇಲೆ ಕೈಯಿಟ್ಟರು.

"ಸಾಹುಕಾರ್ರ ಹತ್ರ ಹೋಗಿ ಹೇಳ್ತೀನಿ ಅಬ್ಬಾ. ಎಲ್ಲಾನೂ ಹೇಳ್ತೀನಿ."

"ಅಂಗಡಿ ಮುಚ್ಚುತ್ತೆ ಬೇಟಿ."

"ಮುಚ್ಚಲಿ!"

ಆಮೇಲೆ ಆ ಮುದುಕ, ಎರಡು ವರ್ಷದಿಂದ ಗೋಡೆ ತಡವಿಕೊಂಡು ನಡೆದ ಆ ಮುದುಕ, ಕೈ ಚಾಚಿದರು.

"ಕೋಲು ಕೊಡು. ನಾನೂ ಬರ್ತೀನಿ."

ಅಜೀಜಾ ಹಿತ್ತಲಿಂದ ಒಂದು ಬಿದಿರ ಕೋಲು ತಂದು ಅಬ್ಬಾನ ಕೈಗಿಟ್ಟಳು. ಇಬ್ಬರೂ ಅಳುತ್ತಿದ್ದರು. ಬೆಟ್ಟಮ್ಮ ಅವರೆಕಾಯಿ ಗಂಟು ಮತ್ತೆ ಎತ್ತಿಕೊಂಡಳು. "ನಡೀರಿ, ನಾನೂ ಬತ್ತೀನಿ. ಮುರ್ದ ಕೈ ನಂದು ತಾನೆ?"

ಮಳವಳ್ಳಿಯ ಇದ್ದಿಲು ಕೊಟ್ಟಿಗೆಯಲ್ಲಿ ಅಫ್ಸರ್ ಕುಕ್ಕರುಗಾಲಲ್ಲಿ ಕೂತು ಇದ್ದಿಲು ಕುಟ್ಟುತ್ತಿದ್ದ. ಅಡಿಯಿಂದ ಮುಡಿಯವರೆಗೆ ಕಪ್ಪು. ಎದುರಿಗೆ ಬುರ್ಖಾ ಹಾಕಿದ ಹೆಣ್ಣೊಬ್ಬಳು ಬಂದು ನಿಂತಾಗ ಗುರುತು ಸಿಗಲಿಲ್ಲ. ಆ ಬುರ್ಖಾ ಬಾಯಿ ತೆರೆದ ಕೂಡಲೇ ಸಿಕ್ಕಿತು.

"ಯಾರ್ರೀ ಕೇಳಿದ್ರು ನಿಮ್ಮನ್ನ? ಯಾರು ಕೇಳಿದ್ರು, ನನ್ನ ತಪ್ಪು ಹೊತ್ಕೊಳ್ಳಿ ಅಂತ?"

ಸುತ್ತಿಗೆ ಕೈಯಿಂದ ಬಿತ್ತು. "ಅಜೀಜಾ! ಮೆಲ್ಲಗೆ... ಜನ ಇದಾರೆ..."

"ಮೆಲ್ಲಗೆ ಮಾತಾಡಕ್ಕೆ ನಂಗೆ ಯಾವತ್ತು ಬಂದಿತ್ತು? ಮೂರು ತಿಂಗಳು ನಿಮ್ಮನ್ನ ಬೈದಿದೀನಿ! ದಿನಕ್ಕೆ ನೂರು ಸಲ! ಅಷ್ಟೂ ಬೈಗುಳ ಈಗ ನಾನೇನು ಮಾಡ್ಲಿ?"

"ಕಪ್ಪು ಬಟ್ಟೆಯ ದಾರ ನೆನಪಾಗಿದ್ದು ಗದ್ದೆಯಲ್ಲಿ ಬಿದ್ದಾಗ," ಅಂದ ಅಫ್ಸರ್ ತಗ್ಗಿದ ದನಿಯಲ್ಲಿ. "ಮಿಕ್ಕ ಡ್ರಮ್ಮಿನ ಗಾಡಿಗಳ ದಾರಕ್ಕೆಲ್ಲ ಕಪ್ಪು ಬಟ್ಟೆ ನೋಡಿದ್ದೆ. ನಂದಕ್ಕಿರಲಿಲ್ಲ. ಡ್ರಮ್ಮು ಕಟ್ಟೋ ಮುಂಚೆ ನಾನೂ ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಅರ್ಧ ತಪ್ಪು ನಂದೂ ಇದೆ."

"ಅರ್ಧ ಇದ್ರೆ ಅರ್ಧ ಹೊತ್ಕೊಳ್ಳಿ! ಇಡೀ ಯಾಕೆ ಹೊತ್ರಿ?"

"ಹೋಗಿ ಅಜೀಜಾ, ಮನೆಗೆ ಹೋಗಿ. ಈಗ ಹೇಳಿದ್ರೆ ಉಸ್ತಾದ್ರ ಅಂಗಡಿ..."

"ಉಸ್ತಾದ್ರು ಇಲ್ಲೇ ಇದಾರೆ," ಅಂದಳು.

ಅಫ್ಸರ್ ತಿರುಗಿ ನೋಡಿದ. ಪೀರ್ ಪಾಷಾ ಕೋಲು ಊರಿಕೊಂಡು ಬೆಳಕಿನಲ್ಲಿ ನಿಂತಿದ್ದರು. ಆ ಕೋಲು ನೋಡಿ ಅವನು ಎದ್ದು ನಿಂತ.

ಅಷ್ಟರಲ್ಲಿ ಗಲಾಟೆಗೆ ಮರಿಸಿದ್ದಯ್ಯನವರೂ ಡ್ರೈವರುಗಳೂ ಬಂದಿದ್ದರು. ಅಜೀಜಾ ಎರಡೂ ದಾರ ಎತ್ತಿ ಹಿಡಿದಳು.

"ಸಾಹುಕಾರ್ರೇ, ನಿಮ್ಮ ಡ್ರೈವರು ತುಂಬಿದ್ದು ಐದೇ ಜನ. ತಪ್ಪು ದಾರ ಕೊಟ್ಟಿದ್ದು ನಾನು. ನಮ್ಮ ಅಬ್ಬಾಗೆ ಎರಡು ವರ್ಷದಿಂದ ಕಣ್ಣು ಕಾಣ್ಸಲ್ಲ. ನಿಮ್ಮೆಲ್ಲರ ಗಾಡಿಗೂ ಅಳತೆ ಹಾಕಿದ್ದು ನಾನೇ. ಬೈಯೋದಿದ್ರೆ ನನ್ನ ಬೈಯ್ರಿ. ಇವರ ಲೈಸೆನ್ಸು ಇವರಿಗೆ ಕೊಡ್ಸಿ!"

ಡ್ರೈವರೊಬ್ಬ ಪೀರ್ ಪಾಷಾರ ಕಣ್ಣ ಮುಂದೆ ಕೈ ಆಡಿಸಿ ನೋಡಿದ.

"ಏನಂದೆ?" ಮರಿಸಿದ್ದಯ್ಯ ಗುಡುಗಿದರು. "ಎರಡ್ ವರ್ಸದಿಂದ ನನ್ ಕಾರು ಒಂದು ಎಣ್ ಉಡ್ಗಿ ಅಳ್ದ ಟೈರ್ ಮೇಲೆ ಓಡ್ತಾ ಅದೆಯಾ? ಈ ಕುರ್ಡ ನಮ್ಗೆಲ್ಲ ಟೋಪಿ ಆಕ್ದ್ನಾ?"

"ನಿಲ್ಸಪ್ಪ ಸಾವ್ಕಾರ!" ಬೆಟ್ಟಮ್ಮ ಮುಂದೆ ಬಂದಳು. "ಮುರ್ದಿದ್ದು ನನ್ ಕೈ. ಕ್ವಾಪ ಬರ್ಬೇಕಾದ್ದು ನಂಗೆ. ನಿಂಗ್ಯಾಕಪ್ಪ ಮೈ ಪರಚ್ಕೊಳಂಗಾಗದೆ? ಎರಡ್ ವರ್ಸದಲ್ಲಿ ಎಷ್ಟ್ ಟೈರ್ ಒಡ್ದೋ, ಲೆಕ್ಕ ಕೊಡು!"

ಮರಿಸಿದ್ದಯ್ಯ ಡ್ರೈವರುಗಳ ಮುಖ ನೋಡಿದರು. ಒಬ್ಬೊಬ್ಬರೂ ತಲೆ ಅಲ್ಲಾಡಿಸಿದರು. ಒಡೆದಿದ್ದು ಆ ಒಂದೇ.

"ಲೋ ಪಾಷಾ," ಅಂದರು ಕಡೆಗೆ, ಅಫ್ಸರ್ ಕಡೆ ತಿರುಗಿ. "ಸುಳ್ ಯಾಕ್ಲಾ ಯೋಳ್ದೆ? ಅವತ್ತು ಕೆನ್ನೆಗೆ ಒಡ್ದೆನಲ್ಲ, ಬಾಯ್ಬುಡಬಾರ್ದಾಗಿತ್ತೇನ್ಲಾ?"

"ಉಸ್ತಾದ್ರ ಅಂಗಡಿ ಉಳೀಲಿ ಅಂತ ಸಾಹುಕಾರ್ರೇ."

"ಬರೀ ಅಂಗ್ಡಿಗಾ?" ಅಂದಳು ಬೆಟ್ಟಮ್ಮ.

ಅಫ್ಸರ್ ತಲೆ ತಗ್ಗಿಸಿದ. ಇದ್ದಿಲಿನ ಮಸಿ ಇರದಿದ್ದರೆ ಅವನ ಮುಖ ಕೆಂಪಾಗಿದ್ದು ಎಲ್ಲರಿಗೂ ಕಾಣ್ತಿತ್ತು.

ಮರಿಸಿದ್ದಯ್ಯ ಥೂ ಅಂತ ಉಗಿದು ಒಳಗೆ ಹೋದರು. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಅಲ್ಲಿಂದಾಚೆ ಮದ್ದೂರಿನ ಆ ಅಂಗಡಿಗೆ ಒಂದು ಗಾಡಿಯೂ ಬರಲಿಲ್ಲ. ಒಂದು ವಾರ... ಎರಡು ವಾರ... ಅಜೀಜಾ ಪರದೆಯ ಹಿಂದೆ ಕೂತು ಗೋಡೆಯ ದಾರಗಳನ್ನ ನೋಡುತ್ತಿದ್ದಳು. ಅಬ್ಬಾ ಕೋಲು ಹಿಡಿದು ಬಾಗಿಲಲ್ಲಿ ಕೂರುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ದೂರಲಿಲ್ಲ. 'ಅವನೂ ಬರಲಿಲ್ಲ' ಅನ್ನೋದನ್ನ ಅವಳು ಯಾರಿಗೆ ಹೇಳಬೇಕು? ಬಳೆ ಹಿಂತಿರುಗಿಸಿದವಳು ಅವಳೇ ತಾನೆ!

ಹದಿನೇಳನೇ ದಿನ ಬೆಳಿಗ್ಗೆ ಬಾಗಿಲ ಮುಂದೆ ಇದ್ದಿಲ ಹೊಗೆಯ ವಾಸನೆ ಬಂತು. ಹಾರ್ನು ಕೂಗಿತು. ಮತ್ತೆ ಕೂಗಿತು.

"ಯಾರದು? ಕಿವಿ ಹಾರಿಹೋಗೋ ಹಾಗೆ!" ಬಾಯಿ ತನ್ನಷ್ಟಕ್ಕೇ ಬೈದಿತ್ತು.

"ಗಾಡಿ ಅಳೀಬೇಕಿತ್ತು," ಅಂತು ಹೊರಗಿನ ದನಿ. "ಸಾಹುಕಾರ್ರು ಲೈಸೆನ್ಸು ವಾಪಸ್ ಕೊಡ್ಸಿ ಕಳಿಸಿದ್ರು. 'ಆ ಬಾಯ್ಬಡ್ಕಿ ಅಳ್ದ್ರೇನೇ ಸರಿ, ಆದ್ರೆ ಈ ಕಿತ ಡ್ರಮ್ ಕಟ್ಕೊಂಡ್ ಓಗ್ಲಾ' ಅಂದ್ರು."

ಅಜೀಜಾ ಪರದೆ ಸರಿಸಿದಳು. ಹಿಂದೆ ಡ್ರಮ್ಮು ಕಟ್ಟಿದ ಕಾರು. ಸ್ಟೇರಿಂಗಿನ ಹಿಂದೆ ಅಫ್ಸರ್, ಮೈ ತೊಳೆದು, ಗರಿಗರಿ ಅಂಗಿ ಹಾಕಿಕೊಂಡು. ಒಳಗೆ ಐದು ಜನ. ಮುಂದಿನ ಸೀಟಲ್ಲಿ ಬೆಟ್ಟಮ್ಮ ಸೊಟ್ಟ ಕೈ ಕಿಟಕಿಯ ಮೇಲಿಟ್ಟು ಮಹಾರಾಣಿ ಹಾಗೆ ಕೂತಿದ್ದಳು. ಹಿಂದಿನ ಸೀಟಲ್ಲಿ ಬಿಬಿ ಜಾನ್!

ಈ ಸಲ ಹಿತ್ತಲಿಗೆ ಹೋಗಿ ಅಂತ ಅಜೀಜಾ ಯಾರಿಗೂ ಹೇಳಲಿಲ್ಲ. ಸೆರಗು ಬಿಗಿಮಾಡಿ, ರಸ್ತೆಯಲ್ಲೇ, ಊರವರ ಕಣ್ಣೆದುರೇ ಚಕ್ರದ ಪಕ್ಕ ಕೂತು ದಾರ ಹಿಡಿದಳು. ಗಂಟು ಹಾಕಿದಳು.

ಅಫ್ಸರ್ ಇಳಿದು ಬಂದು ಪಕ್ಕದಲ್ಲಿ ಕೂತ.

"ಗುರುತಿಗೆ ಕಪ್ಪು ಬಟ್ಟೆ ಬೇಕಲ್ವಾ?" ಅಂತ ಜೇಬಿಂದ ಒಂದು ಚೂರು ತೆಗೆದ. ಇದ್ದಿಲು ಕೊಟ್ಟಿಗೆಯಲ್ಲಿ ಅವನು ಹೆಗಲಿಗೆ ಹಾಕ್ತಿದ್ದ ಟವೆಲಿನ ಚೂರು. ಎಷ್ಟು ತೊಳೆದರೂ ಮಸಿ ಹೋಗಿರಲಿಲ್ಲ.

ಅವಳು ಅದನ್ನ ದಾರಕ್ಕೆ ಕಟ್ಟಿದಳು. ಗಂಟಿನ ಮೇಲೆ ಒಂದು ಹನಿ ಬಿತ್ತು.

"ಯಾವ ಟೈರು?" ಅವನು ಕೇಳಿದ.

"ತೆಳುವಾದ್ದು."

"ನಾನು ಅವತ್ತೇ ಹೇಳಿದ್ದೆ."

"ಬಾಯಿ ಮುಚ್ಚಿ!"

"ಮುಚ್ಚಿದೆ." ಮತ್ತೊಂದು ಜೇಬಿಂದ ಬಟ್ಟೆಯ ಗಂಟೊಂದನ್ನ ತೆಗೆದು ಅವಳ ಮಡಿಲಲ್ಲಿಟ್ಟ. ಒಳಗೆ ಹಸಿರು ಗಾಜು ಕಿಣಿ ಅಂತು. "ಅಜೀಜಾ... ಎಷ್ಟು ಜಾಗ ಉಳೀತು?"

ಅವಳು ದಾರ ನೋಡಿದಳು. ಅವನನ್ನ ನೋಡಿದಳು, ನಡುವೆ ಪರದೆ ಇಲ್ಲದೆ, ಮೊದಲ ಸಲ.

"ಎರಡು ಬೆರಳು."

"ಸಾಕಾ?"

"ಭಾರ ಎಲ್ಲ ಹಾಕಿಯೇ ಅಳೆದಿದೀನಿ," ಅಂದಳು ಅಜೀಜಾ, ಬಳೆ ತೊಡಲು ಕೈ ಮುಂದೆ ಚಾಚಿ. "ಸಾಕು."